ಭಯದ ಕಥೆ ಯಾರಿಗಾಗಿ?

ಮಕ್ಕಳಿಗೆ ಎಂಥ ಕಥೆಯನ್ನು ಹೇಳಬೇಕು, ಎಂಥದನ್ನು ಹೇಳಬಾರದು ಎಂಬ ಪ್ರಶ್ನೆಯು ಇಂದು ನಮ್ಮ ಓದುಬರಹ ಬಲ್ಲ ಮನೆಗಳಲ್ಲಿ ಮೇಲಿಂದ ಮೇಲೆ ಏಳುತ್ತಿರುವುದು. ಪಟ್ಟಣದಿಂದ ತಂದುಕೊಟ್ಟ ಬಣ್ಣದ ಪುಸ್ತಕದಲ್ಲಿ ಮಾಟಗಾತಿಯೊಬ್ಬಳು ಕೂಸನ್ನು ಒಲೆಗೆ ನೂಕಲು ಹವಣಿಸುತ್ತಾಳೆ. ಕಾಡಿನ ಕತ್ತಲೆಯಲ್ಲಿ ಮಕ್ಕಳು ದಾರಿ ತಪ್ಪುತ್ತಾರೆ. ಮನುಷ್ಯನು ಮೃಗವಾಗುತ್ತಾನೆ, ಮೃಗವು ಮನುಷ್ಯನಂತೆ ಮಾತಾಡಿ ಮೋಸಮಾಡುತ್ತದೆ. ಇದನ್ನು ಕಂಡ ತಾಯಿತಂದೆಗಳು ಗಾಬರಿಗೊಂಡು, ಇಂಥದನ್ನು ಹತ್ತು ವರುಷದ ಮಗುವಿನ ಕೈಯಲ್ಲಿ ಕೊಡಬಹುದೇ ಎಂದು ಕೇಳುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಮೂವತ್ತು ವರುಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನೆಂಬ ಕಾರಣದಿಂದ ಈ ಪ್ರಶ್ನೆಯು ನನ್ನ ಬಾಗಿಲಿಗೂ ಬರುತ್ತದೆ. ಇದಕ್ಕೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸುಲಭ. ಆದರೆ ಈ ಪ್ರಶ್ನೆಯ ಒಳಗೆ ಬೇರೊಂದು ಪ್ರಶ್ನೆ ಅಡಗಿದೆಯೆಂದು ನನಗೆ ತೋರುತ್ತದೆ. ಅದನ್ನು ಹೊರತೆಗೆದು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಅದು ಅಲ್ಲಗಳೆಯತಕ್ಕಂಥದಲ್ಲ. ಎಳೆಯ ಮನಸ್ಸು ಹಸಿಮಣ್ಣಿನಂತಹುದು. ಅದರ ಮೇಲೆ ಬಿದ್ದ ಗುರುತು ಒಣಗಿದ ಮೇಲೆ ಅಳಿಯುವುದಿಲ್ಲ. ಕ್ರೌರ್ಯದ ಚಿತ್ರವನ್ನು ಮೇಲಿಂದ ಮೇಲೆ ಕಂಡ ಮಗುವು ಒಂದೋ ಅಂಜುಬುರುಕ ಆಗುವುದು, ಇಲ್ಲವೇ ಕ್ರೌರ್ಯಕ್ಕೆ ಹೊಂದಿಕೊಂಡು ಕಲ್ಲೆದೆಯದಾಗುವುದು. ಈ ಮಾತನ್ನು ಹೇಳಿದವರು ಸಾಮಾನ್ಯರಲ್ಲ. ಗ್ರೀಸ್ ದೇಶದ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಎಂಬ ಸಂವಾದದ ಎರಡನೆಯ ಭಾಗದಲ್ಲಿ, ದಾದಿಯರೂ ತಾಯಂದಿರೂ ಮಕ್ಕಳಿಗೆ ಹೇಳುವ ಕಥೆಗಳನ್ನು ರಾಜ್ಯವೇ ಆಯ್ದುಕೊಡಬೇಕೆಂದು ವಾದಿಸಿದ್ದಾನೆ. ದೇವತೆಗಳಲ್ಲಿ ತಂದೆಯು ಮಕ್ಕಳಿಗೂ ಮಗನು ತಂದೆಗೂ ಮಾಡಿದ ಘೋರಕೃತ್ಯಗಳ ಕಥೆಗಳಿವೆಯಷ್ಟೆ. ಅವು ನಿಜವೇ ಆಗಿದ್ದರೂ ಎಳೆಯರ ಕಿವಿಗೆ ಬೀಳಬಾರದೆಂದು ಅವನ ಮತ. ಕಾರಣವೇನು? ತಪ್ಪು ಮಾಡಿದ ತಂದೆಯನ್ನು ದಂಡಿಸುವುದು ದೊಡ್ಡ ಅಪರಾಧವೇನೂ ಅಲ್ಲವೆಂದು ತರುಣನು ತಿಳಿದಾನು ಎಂಬ ಭಯ. ವಾಚಕರು ಈ ಕಾರಣವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಇನ್ನು ಪುಸ್ತಕಕ್ಕೆ ಬರೋಣ. ಮಕ್ಕಳಿಗಾಗಿ ಬರೆದ ಕತ್ತಲೆಯ ಅದ್ಭುತಕಾದಂಬರಿಗಳಲ್ಲಿ ಹಿರಿಯದೆನ್ನಬಹುದಾದ ‘ಪಿನೋಕಿಯೋ’ವನ್ನು ನಾನು ಕಳೆದ ಬೇಸಗೆಯಲ್ಲಿ ಇಂಗ್ಲಿಷಿನ ಮೂಲಕ ಮೊದಲಿನಿಂದ ಕೊನೆಯ ವರೆಗೆ ಓದಿದೆನು. ಇದನ್ನು ಬರೆದವನು ಇಟಲಿಯ ಫ್ಲಾರೆನ್ಸ್ ನಗರದ ಕಾರ್ಲೊ ಲೊರೆಂಜೀನಿ (1826–1890). ಕೊಲ್ಲೋದಿ ಎಂಬುದು ಅವನು ಇಟ್ಟುಕೊಂಡ ಹೆಸರು. ಈತನು ಫ್ರಾನ್ಸಿನ ಪೆರೋ ಎಂಬವನ ಅದ್ಭುತಕಥೆಗಳನ್ನು ಮೊದಲು ತನ್ನ ನುಡಿಗೆ ತಂದು, ಆ ಮೇಲೆ ಸ್ವಂತದ ಕಥೆಗೆ ಕೈಹಾಕಿದನು. ಅದು 1881ರ ಜುಲೈ ತಿಂಗಳಿನಿಂದ ಒಂದು ಮಕ್ಕಳ ವಾರಪತ್ರಿಕೆಯಲ್ಲಿ ತುಂಡುತುಂಡಾಗಿ ಬಂದು, 1883ರಲ್ಲಿ ಪುಸ್ತಕವಾಯಿತು.

ಕಟ್ಟಿಗೆಯ ಗೊಂಬೆಯೊಂದು ಹುಡುಗನಾಗುವ ಕಥೆಯಿದು ಎಂಬಷ್ಟನ್ನು ಎಲ್ಲರೂ ಬಲ್ಲರು. ಆದರೆ ಮೂಲವನ್ನು ಓದಿದವರಿಗೆ ಅದರ ಕತ್ತಲೆಯು ದಿಗಿಲನ್ನು ಹುಟ್ಟಿಸುವುದು. ಗೊಂಬೆಯನ್ನು ಕೆತ್ತಿದ ಮುದುಕ ಜೆಪ್ಪೆತ್ತೋ ಎಷ್ಟು ಬಡವನೆಂದರೆ ಅವನ ಮನೆಯ ಒಲೆಯೂ, ಅದರ ಬೆಂಕಿಯೂ, ಬೆಂಕಿಯ ಮೇಲೆ ಕುದಿಯುವ ಗಡಿಗೆಯೂ ಗೋಡೆಯ ಮೇಲೆ ಬರೆದ ಚಿತ್ರಗಳು ಮಾತ್ರ. ಬುದ್ಧಿ ಹೇಳಿದ ಚಿಮ್ಮುಂಡೆಹುಳವನ್ನು ಗೊಂಬೆಯು ಸುತ್ತಿಗೆಯಿಂದ ಹೊಡೆದು ಕೊಲ್ಲುತ್ತದೆ. ಚಳಿಗಾಲದಲ್ಲಿ ತನಗಿದ್ದ ಒಂದೇ ಅಂಗಿಯನ್ನು ಮಾರಿ ತಂದೆಯು ತಂದುಕೊಟ್ಟ ಅಕ್ಷರಮಾಲೆಯ ಪುಸ್ತಕವನ್ನು ಅದು ಗೊಂಬೆಯಾಟ ನೋಡುವ ಆಸೆಗೆ ನಾಲ್ಕು ಕಾಸಿಗೆ ಮಾರಿಬಿಡುತ್ತದೆ. ನರಿಯೂ ಬೆಕ್ಕೂ ಕೂಡಿ ಅದರ ಬಂಗಾರದ ನಾಣ್ಯಗಳಿಗಾಗಿ ಅದನ್ನು ದೊಡ್ಡ ಗಿಡಕ್ಕೆ ನೇಣು ಹಾಕುತ್ತವೆ. ಪತ್ರಿಕೆಯಲ್ಲಿ ಕೊಲ್ಲೋದಿಯು ಕಥೆಯನ್ನು ಇಲ್ಲಿಗೇ ಮುಗಿಸಿಬಿಟ್ಟಿದ್ದನು. ಮುಂದೇನಾಯಿತೆಂದು ಎಳೆಯ ಓದುಗರು ಬಿಡದೆ ಕೇಳಿದ್ದರಿಂದ 1882ರಲ್ಲಿ ಗೊಂಬೆಗೆ ಮತ್ತೆ ಜೀವ ಬಂದಿತು. ನೇಣಿನ ಕಥೆಯನ್ನು ಓದಿದ ಮಕ್ಕಳು ಅಂಜಿ ಓಡಿಹೋಗಲಿಲ್ಲ, ಕಥೆಯನ್ನು ಮುಂದುವರಿಸಿರಿ ಎಂದು ಕೇಳಿದರು. ಇದು ಗಮನಿಸತಕ್ಕ ಸಂಗತಿ.

ಗ್ರಂಥದಲ್ಲಿ ಇದಕ್ಕಿಂತ ಕರಾಳವಾದ ಪ್ರಸಂಗ ಇನ್ನೊಂದಿದೆ. ತನ್ನ ನಾಲ್ಕು ನಾಣ್ಯಗಳನ್ನು ಕಳಕೊಂಡ ಗೊಂಬೆಯು ನ್ಯಾಯ ಬೇಡಿಕೊಂಡು ಚಾವಡಿಗೆ ಹೋಗುತ್ತದೆ. ನ್ಯಾಯಾಧೀಶನು ಒಂದು ಮುದಿ ಗೊರಿಲ್ಲ. ಅವನು ದೂರನ್ನು ಕನಿಕರದಿಂದ ಕೇಳಿ, ಕೊನೆಗೆ ದೂರು ತಂದವನನ್ನೇ ಸೆರೆಮನೆಗೆ ನೂಕಿಸುತ್ತಾನೆ. ನಾಲ್ಕು ತಿಂಗಳ ತರುವಾಯ ರಾಜಾಜ್ಞೆಯಿಂದ ಕಳ್ಳಕಾಕರಿಗೆಲ್ಲ ಬಿಡುಗಡೆಯಾಗುವುದು. ಗೊಂಬೆಯನ್ನು ಮಾತ್ರ ಕಾವಲುಗಾರನು ಬಿಡಲೊಲ್ಲನು. ಏಕೆಂದರೆ ಅದು ಕಳ್ಳನಲ್ಲ! ನಾನೂ ಅಪರಾಧಿಯೇ ಎಂದು ಒಪ್ಪಿಕೊಂಡ ಮೇಲೆಯೇ ಬಾಗಿಲು ತೆರೆಯುತ್ತದೆ. ಈ ಭಾಗವನ್ನು ನಾನು ಮೊಮ್ಮಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ನಡೆದ ಮಾತನ್ನು ಇಲ್ಲಿ ಬರೆಯದೆ ಇರಲಾರೆ. ನೇಣಿನ ಪ್ರಸಂಗವನ್ನು ಆಕೆ ಕಣ್ಣರಳಿಸಿ ಕೇಳಿದ್ದಳು. ಇಲ್ಲಿ ಮಾತ್ರ ನನ್ನ ಕೈಹಿಡಿದು ನಿಲ್ಲಿಸಿ, "ಅಜ್ಜಾ, ಕಳಕೊಂಡಾವನ್ನ ಯಾಕ ಜೇಲಿನ್ಯಾಗ ಹಾಕಿದ್ರು?" ಎಂದು ಕೇಳಿದಳು. ಆ ದಿವಸ ಆಕೆಯ ನಿದ್ದೆ ಕೆಡಲಿಲ್ಲ, ಕೆಟ್ಟದ್ದು ನನ್ನದು. ಏಕೆಂದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಾನು ದೊಡ್ಡವರ ಲೋಕದ ವಿಷಯವಾಗಿ ಮಾತಾಡಬೇಕಾಗಿದ್ದಿತು.

ಈಗ ಈ ಗ್ರಂಥಕ್ಕೆ ಮುಂದೆ ಏನಾಯಿತೆಂಬುದನ್ನು ನೋಡಿರಿ. 1940ರಲ್ಲಿ ಅಮೇರಿಕೆಯ ಡಿಸ್ನಿಯವರು ಇದನ್ನು ಚಿತ್ರಪಟ ಮಾಡಿದರು. ಲೋಕದ ಬಹುಮಂದಿ ಮಕ್ಕಳು ಬಲ್ಲದ್ದು ಈ ಚಿತ್ರಪಟದ ಕಥೆಯನ್ನೇ. ಮಕ್ಕಳಿಗೆ ಹಿತವಾಗಲೆಂದು ಅದರಲ್ಲಿ ಮಾರ್ಪಾಡುಗಳನ್ನು ಮಾಡಿದ್ದಾರೆ. ಆದರೆ ಭಯಂಕರವಾದದ್ದನ್ನು ತೆಗೆದುಹಾಕಿದ್ದಾರೆಯೇ? ಇಲ್ಲ. ಹುಡುಗರು ಕತ್ತೆಗಳಾಗಿ ಮಾರ್ಪಟ್ಟು ಒರಲುವ ನೋಟ ಅಲ್ಲಿದೆ. ನುಂಗಬರುವ ಹಿರಿಯ ಮೀನು ಮೂಲಕ್ಕಿಂತಲೂ ಘೋರವಾಗಿದೆ. ಹೋದದ್ದು ಯಾವುದು? ಗೋಡೆಯ ಮೇಲಿನ ಚಿತ್ರದ ಬೆಂಕಿ ಹೋಗಿದೆ. ಜೆಪ್ಪೆತ್ತೋನ ಹಸಿವು ಹೋಗಿದೆ. ಅವನು ಗಡಿಯಾರಗಳ ನಡುವೆ ಬೆಚ್ಚಗೆ ಬಾಳುವ ಮುದುಕನಾಗಿದ್ದಾನೆ. ಗೊರಿಲ್ಲದ ನ್ಯಾಯಾಸ್ಥಾನ ಹೋಗಿದೆ. ಅಂದರೆ ಮಗುವನ್ನು ಹೆದರಿಸುವ ಭಾಗವನ್ನು ಉಳಿಸಿಕೊಂಡು, ಹಿರಿಯರ ಲೋಕದ ಬಡತನವನ್ನೂ ಅನ್ಯಾಯವನ್ನೂ ತೋರಿಸುವ ಭಾಗವನ್ನು ಕೈಬಿಟ್ಟಂತಾಯಿತು.

ಇದು ಒಂದು ಗ್ರಂಥಕ್ಕೆ ಮಾತ್ರ ಒದಗಿದ ಗತಿಯಲ್ಲ. ಜರ್ಮನಿಯ ಗ್ರಿಮ್ ಸಹೋದರರ ಕಥಾಸಂಗ್ರಹವು ಮೊದಲು 1812ರಲ್ಲಿ ಹೊರಬಂದಿತು. ಅವರ ಕಾಲದ ಕೊನೆಯ ಮುದ್ರಣ 1857ರದು. ಈ ನಡುವಣ ಮುದ್ರಣಗಳನ್ನು ಹೋಲಿಸಿ ನೋಡಿದ ಪಂಡಿತರು ಒಂದು ವಿಚಿತ್ರವನ್ನು ಕಂಡಿದ್ದಾರೆ. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣತಂಗಿಯರ ಕಥೆಯಲ್ಲಿ, ಬರಗಾಲ ಬಿದ್ದು ಮನೆಯಲ್ಲಿ ತುತ್ತು ಇಲ್ಲದಾದಾಗ, ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರೋಣವೆಂದು ಗಂಡನನ್ನು ಒತ್ತಾಯಿಸುವವಳು ಮೊದಲ ಮುದ್ರಣದಲ್ಲಿ ಹೆತ್ತ ತಾಯಿ. 1840ರ ಮುದ್ರಣಕ್ಕೆ ಬರುವಷ್ಟರಲ್ಲಿ ಅವಳು ಮಲತಾಯಿಯಾಗಿದ್ದಾಳೆ! ಹಿಮದಷ್ಟು ಬಿಳಿಯಾದ ರಾಜಕುಮಾರಿಯ ಕಥೆಯಲ್ಲಿಯೂ ಮಗಳನ್ನು ಕೊಲ್ಲಿಸಬಯಸಿದವಳು ಮೊದಲು ತಾಯಿ, 1819ರಲ್ಲಿ ಮಲತಾಯಿ. ಒಲೆಯಲ್ಲಿ ಬೇಯುವ ಮಾಟಗಾತಿಯು ಮಾತ್ರ ಇದ್ದಂತೆಯೇ ಇದ್ದಾಳೆ. ಆ ಒಲೆಯು ಮಕ್ಕಳಿಗೆ ತಡೆಯಲಾರದಷ್ಟು ಘೋರವೆಂದು ಯಾರಿಗೂ ಅನ್ನಿಸಲಿಲ್ಲ. ತಾಯಿಯು ತಪ್ಪಿತಸ್ಥಳೆಂಬುದು ಓದಿ ಹೇಳುವ ತಾಯಂದಿರಿಗೆ ತಡೆಯದಾಯಿತು.

ಆದುದರಿಂದ ನನ್ನ ಸಿದ್ಧಾಂತವು ಇಷ್ಟು: ಮಕ್ಕಳ ಮನಸ್ಸನ್ನು ಕಾಯುವ ಹೆಸರಿನಲ್ಲಿ ನಾವು ಕಥೆಗಳಿಂದ ತೆಗೆದುಹಾಕುವುದು ಬಹುಮಟ್ಟಿಗೆ ಮಕ್ಕಳಿಗೆ ಭಯ ಹುಟ್ಟಿಸುವುದನ್ನಲ್ಲ, ಹಿರಿಯರ ಮೇಲೆ ದೋಷ ಹೊರಿಸುವುದನ್ನು. ಪ್ಲೇಟೋವಿನ ಕಾರಣವನ್ನು ಈಗ ನೆನೆಯಿರಿ. ಅವನಿಗಿದ್ದ ಅಂಜಿಕೆಯು ಮಗು ರಾತ್ರಿ ಬೆಚ್ಚಿಬಿದ್ದೀತು ಎಂಬುದಲ್ಲ; ತಂದೆಯ ತಪ್ಪನ್ನು ಎಣಿಸಲು ಕಲಿತೀತು ಎಂಬುದು.

ನಮ್ಮ ನಾಡಿನ ಕಥೆಗಳನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬಾಯಿಪಾಠ ಮಾಡದ ಮಕ್ಕಳು ನಮ್ಮ ಕಾಲದಲ್ಲಿ ಕಡಿಮೆ. ಕುಣಿಯುತ್ತ ಹೇಳುವ ಹಾಡು ಅದು. ಆದರೂ ಅದರ ಕಥೆಯು ಒಂದು ಊರಿನ ಮಕ್ಕಳೆಲ್ಲ ಬೆಟ್ಟದೊಳಗೆ ಹೊಕ್ಕು ಮರೆಯಾದ ಕಥೆ! ಹಿಂದೆ ಬಿದ್ದ ಕುಂಟ ಹುಡುಗನೊಬ್ಬನೇ ಹೊರಗೆ ಅಳುತ್ತ ಉಳಿಯುತ್ತಾನೆ. ಇದಕ್ಕೆ ಕಾರಣ ಇಲಿಗಳಲ್ಲ, ಜೋಗಿಯ ಮಾಟವೂ ಅಲ್ಲ; ಇಲಿಗಳ ಕಾಟ ಕಳೆದ ಮೇಲೆ ಊರ ಗೌಡನು ಕೊಟ್ಟ ಮಾತಿಗೆ ತಪ್ಪಿದ್ದು. ಈ ಹಾಡಿಗೆ ಮೂಲವಾದ ಬ್ರೌನಿಂಗನ ಇಂಗ್ಲಿಷ್ ಕವನವು 1842ರದು. ಅದಕ್ಕೂ ಹಿಂದೆ ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನ ಐತಿಹ್ಯವಿದೆ: 1284ರ ಜೂನ್ 26ರಂದು 130 ಮಕ್ಕಳು ಊರು ಬಿಟ್ಟು ಹೋಗಿ ತಿರುಗಿ ಬರಲಿಲ್ಲ. ಹಳೆಯ ಉಲ್ಲೇಖಗಳಲ್ಲಿ ಇಲಿಗಳೂ ಇಲ್ಲ, ತಪ್ಪಿದ ಮಾತೂ ಇಲ್ಲ. ಮಕ್ಕಳು ಹೋದರೆಂಬ ದುಃಖವೊಂದೇ ಇದೆ. ಇಲಿಗಳೂ ಸಲ್ಲಿಸದ ಕೂಲಿಯೂ ಕಥೆಯೊಳಗೆ ಸೇರಿದ್ದು 16ನೆಯ ಶತಮಾನದ ನಡುಭಾಗದಲ್ಲಿ. ಗ್ರಿಮ್ ಸಹೋದರರು ಮಾಡಿದ್ದಕ್ಕೆ ಇದು ತೀರ ವಿರುದ್ಧವಾದದ್ದು. ಮಕ್ಕಳನ್ನು ಕಳಕೊಂಡ ಊರಿನ ಐತಿಹ್ಯವು ಕಾಲಾಂತರದಲ್ಲಿ ದೋಷವನ್ನು ಹಿರಿಯರ ಮೇಲೆಯೇ ಹೊರಿಸಿತು. ಹೇಳುವವರು ಅದನ್ನು ಒರಸಿಹಾಕದೆ ಮುಂದಿನವರಿಗೆ ಒಪ್ಪಿಸಿದರು. ಇಂಥ ಕಥೆಯಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ.

ಇನ್ನು ನಮ್ಮ ಬಡಗಣ ಸೀಮೆಯ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು, ನೀರು ಬೀಳಲಿಲ್ಲ. ಹೊತ್ತಿಗೆ ತೆಗೆಯಿಸಿ ಕೇಳಿದಾಗ ಸೊಸೆಯನ್ನು ಹಾರವಾಗಿ ಕೊಡಬೇಕೆಂದು ಬಂದಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ತೊಂದರೆಯೆಂದು ಲೆಕ್ಕ ಹಾಕಿ ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಆಕೆ ತವರಿಗೆ ಹೋದರೂ ತಾಯಿತಂದೆಗಳ ಮುಂದೆ ನಿಜವನ್ನು ಬಾಯಿಬಿಟ್ಟು ಹೇಳಲಾರದೆ ಹೋದಳು. ಗೆಳತಿಗೆ ಹೇಳಿದರೆ, ಬಂದದ್ದನ್ನು ತಾಳಿಕೊಳ್ಳೆಂಬ ಬುದ್ಧಿಮಾತು ದೊರೆಯಿತು. ಪೂಜೆಗೆಂದು ಎಲ್ಲರೊಡನೆ ಕೆರೆಗೆ ಹೋಗಿ, ಮರೆತ ಬಂಗಾರದ ಬಟ್ಟಲನ್ನು ತರಲು ಆಕೆಯೊಬ್ಬಳೇ ತಿರುಗಿ ಇಳಿದಾಗ ನೀರು ಮೆಟ್ಟಲು ಮೆಟ್ಟಲಾಗಿ ಏರಿ ಆಕೆಯನ್ನು ಮುಳುಗಿಸಿತು. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸು ಕಂಡು ಓಡಿಬಂದನು. ಮನೆಯವರು ಸುಳ್ಳು ಹೇಳಿದರು. ನಿಜ ತಿಳಿದ ಮೇಲೆ ಅವನೂ ಕೆರೆಗೆ ಹಾರಿದನು. ಇದಕ್ಕಿಂತ ಕತ್ತಲೆಯ ಕಥೆಯನ್ನು ಯಾವ ದೇಶದವರೂ ಮಕ್ಕಳ ಮುಂದೆ ಹಾಡಿರಲಾರರು. ಇಲ್ಲಿ ರಕ್ಕಸನಿಲ್ಲ, ಮಾಟಗಾತಿಯಿಲ್ಲ. ಮಾವ ಇದ್ದಾನೆ, ಅತ್ತೆ ಇದ್ದಾಳೆ, ಹೊತ್ತಿಗೆ ನೋಡುವವನು ಇದ್ದಾನೆ. ಕೊಂದವರೆಲ್ಲ ಮನೆಯವರೇ.

ಈ ಹಾಡನ್ನು ಯಾರೂ ಕತ್ತರಿಸಿಲ್ಲ. ಆದರೆ ಕತ್ತರಿಸುವುದಕ್ಕಿಂತಲೂ ಅಪಾಯಕರವಾದದ್ದು ಒಂದುಂಟು. ಅದು ಗಿಲೀಟು ಕೊಡುವುದು. ವೇದಿಕೆಗಳ ಮೇಲೆ ಇದನ್ನು ವಿವರಿಸುವವರು ಎಷ್ಟೋ ಸಲ, ಭಾಗೀರಥಿಯು ಊರಿಗಾಗಿ ಪ್ರಾಣ ತೆತ್ತ ತ್ಯಾಗಮೂರ್ತಿಯೆಂದು ಹೊಗಳಿ ಕೈಮುಗಿಯುತ್ತಾರೆ. ತ್ಯಾಗವೆಂಬುದು ತಾನಾಗಿ ಒಪ್ಪಿ ಬಿಟ್ಟುಕೊಡುವುದು. ಇತರರು ಕೂಡಿ ಆರಿಸಿ ನೀರಿಗಿಳಿಸುವುದು ತ್ಯಾಗವಲ್ಲ. ಈ ವ್ಯಾಖ್ಯಾನವನ್ನು ಕೇಳಿದ ಹೆಣ್ಣುಮಗುವು, ಮನೆಯವರು ಕೇಳಿದರೆ ಮುಳುಗುವುದೇ ತನ್ನ ಧರ್ಮವೆಂದು ತಿಳಿದರೆ, ಆ ಕೇಡು ಕಥೆಯ ಕತ್ತಲೆಯಿಂದ ಆದದ್ದಲ್ಲ. ಕತ್ತಲೆಯನ್ನು ಬೆಳಕೆಂದು ಹೇಳಿದ್ದರಿಂದ ಆದದ್ದು. ಹಾಡಿನಲ್ಲಿ ಮಾತ್ರ ಅಂಥ ಮೋಸವಿಲ್ಲ. ಮನೆಯವರು ಮಾದೇವರಾಯನಿಗೆ ಸುಳ್ಳು ಹೇಳುತ್ತಾರೆಂದು ಅದು ಬಿಚ್ಚಿ ಹೇಳುತ್ತದೆ. ಪುಣ್ಯದ ಕೆಲಸ ಮಾಡಿದವರಿಗೆ ಸುಳ್ಳು ಏತಕ್ಕೆ ಬೇಕು? ಹಳ್ಳಿಯ ಹೆಣ್ಣುಮಗಳು ಹಾಡುತ್ತ ಹಾಡುತ್ತ ತೀರ್ಪನ್ನು ಹೇಳಿಯೇ ಇದ್ದಾಳೆ. ಕೇಳುವ ಕಿವಿ ನಮಗೆ ಬೇಕು.

ಹಿಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹಳ್ಳಿಯ ಹಾಡುಗಳನ್ನು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದದ್ದು ನಮ್ಮ ಸೀಮೆಯ ಹೆಮ್ಮೆ. ಅವು ಬಹುಪಾಲು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ನಸುಕಿನಲ್ಲಿ ತಾಯಿಯು ಬೀಸುತ್ತ ಹಾಡುವಾಗ ಕೂಸು ಅವಳ ತೊಡೆಯ ಮೇಲೆ ಮಲಗಿರುತ್ತಿತ್ತು. ತವರಿನ ಹಂಬಲ, ಬಂಜೆಯ ಅಳಲು, ಅತ್ತೆಯ ಮನೆಯ ಕಷ್ಟ ಇವೆಲ್ಲ ಆ ಕೂಸಿನ ಕಿವಿಗೆ ಜೋಗುಳದೊಡನೆಯೇ ಬಿದ್ದವು. ನಮ್ಮ ಮಕ್ಕಳ ಮೊದಲನೆಯ ಸಾಹಿತ್ಯವು ದುಃಖವನ್ನು ಮರೆಮಾಚಿದ ಸಾಹಿತ್ಯವಲ್ಲ. ಅದರಿಂದ ಆ ಪೀಳಿಗೆಯವರು ಎದೆಗುಂದಿದವರಾದರೆಂದು ಯಾರೂ ಹೇಳಲಾರರು.

ಇಲ್ಲಿ ಒಂದು ಶಂಕೆ. ಭಯವು ಭಯವೇ ಅಲ್ಲವೇ? ಅದನ್ನು ಮಗುವಿಗೆ ಬೇಕೆಂದು ಉಣಿಸುವುದು ಹೇಗೆ ಸರಿ? ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ತರವಿದೆ. ಭರತನು ಎಣಿಸಿದ ರಸಗಳಲ್ಲಿ ಭಯಾನಕವೂ ಒಂದು. ಸುಮಾರು ಸಾವಿರ ವರುಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ, ‘ಶಾಕುಂತಲ’ದ ಮೊದಲಂಕದಲ್ಲಿ ದುಷ್ಯಂತನ ರಥಕ್ಕೆ ಅಂಜಿ ಕತ್ತು ತಿರುವಿ ನೋಡುತ್ತ ಓಡುವ ಜಿಂಕೆಯನ್ನು ಉದಾಹರಿಸುತ್ತಾನೆ. ನೋಡುವ ಸಹೃದಯನಲ್ಲಿ ಭಯವು ಹುಟ್ಟುವುದು ನಿಜ. ಆದರೆ ಅದು ‘ನಾನು ಅಂಜಿದೆ’ ಎಂಬ ಭಯವಲ್ಲ, ‘ಅವನು ಅಂಜಿದ’ ಎಂಬುದೂ ಅಲ್ಲ. ನನ್ನದು, ಹಗೆಯದು, ಗೆಳೆಯನದು ಎಂಬ ಕಟ್ಟುಗಳಿಂದ ಬಿಡಿಸಿಕೊಂಡ ಭಯವದು. ಆದುದರಿಂದ ಅವನು ಆಸನ ಬಿಟ್ಟು ಓಡಿಹೋಗುವುದಿಲ್ಲ; ಭಯವೆಂದರೇನೆಂಬುದನ್ನು ಒಳಗಣ್ಣಿನಿಂದ ಕಾಣುತ್ತಾನೆ. ಅಜ್ಜಿಯ ಮಗ್ಗುಲಲ್ಲಿ ಕೌದಿ ಹೊದೆದು ಕಥೆ ಕೇಳುವ ಮಗುವಿಗೂ ದೊರೆಯುವುದು ಇದೇ. ಓಣಿಯ ನಾಯಿ ಬೆನ್ನಟ್ಟಿದಾಗ ಅದಕ್ಕೆ ವಿಚಾರಕ್ಕೆ ಎಡೆಯಿಲ್ಲ. ಕಥೆಯ ಹುಲಿಯ ಮುಂದೆ ಎಡೆಯಿದೆ.

ಆದರೆ ಎಲ್ಲ ಕತ್ತಲೆಯೂ ಒಂದೇ ಅಲ್ಲವೆಂಬುದನ್ನು ಒಪ್ಪಲೇಬೇಕು. ಇಂದು ಮೊಬೈಲಿನ ಗಾಜಿನ ಮೇಲೆ ಕೊಲೆಯು ಬರಿಯ ಕಣ್ಣಿನ ಆಟವಾಗಿ ಹರಿದುಹೋಗುತ್ತದೆ. ಸತ್ತವನಿಗೆ ಹೆಸರಿಲ್ಲ, ಅತ್ತವರಿಲ್ಲ, ಕೊಂದವನಿಗೆ ಲೆಕ್ಕ ಕೇಳುವವರಿಲ್ಲ. ಅಂಥದನ್ನು ಮಗುವಿನಿಂದ ದೂರವಿಡುವುದೇ ಲೇಸು. ಭಾಗೀರಥಿಯ ಕಥೆಯನ್ನೂ ಇದನ್ನೂ ಬೇರ್ಪಡಿಸುವ ಲಕ್ಷಣಗಳು ಎರಡು. ಒಂದನೆಯದು, ಒಳ್ಳೆಯ ಕಥೆಯಲ್ಲಿ ಕೆಡುಕಿಗೆ ಅದರ ನಿಜವಾದ ಹೆಸರೇ ಇರುವುದು, ಯಾರು ಮಾಡಿದರೆಂಬುದೂ ಮರೆಯಾಗದು. ಎರಡನೆಯದು, ಕೇಳಿದ ಮೇಲೆ ಮಗುವು ಪ್ರಶ್ನೆ ಕೇಳಿದರೆ ಉತ್ತರಿಸಲು ಒಬ್ಬ ಹಿರಿಯನು ಹತ್ತಿರ ಇರುವನು. ಕೆಲವು ಮಕ್ಕಳು ಮೆತ್ತಗಿನವರು. ಅವರ ಮುಖ ನೋಡಿ ಕಥೆಯನ್ನು ನಡುವೆ ನಿಲ್ಲಿಸುವುದೂ, ನಾಳೆಗೆ ಇಡುವುದೂ ಹೇಳುವವನಿಗೆ ಗೊತ್ತಿರಬೇಕು. ಪುಸ್ತಕವನ್ನು ಕೈಗೆ ಕೊಟ್ಟು ಬಾಗಿಲು ಮುಚ್ಚಿಕೊಂಡು ಹೋಗುವುದು ಕಥೆ ಹೇಳಿದಂತಲ್ಲ.

ಇದೆಲ್ಲ ಸಾಹಿತ್ಯದ ಚರ್ಚೆಯಾಯಿತು, ಬಾಳಿಗೆ ಇದರಿಂದೇನು ಎಂದು ಕೇಳುವವರಿಗೆ ನಮ್ಮ ಶಾಲೆಯ ಬೆಂಚುಗಳನ್ನು ತೋರಿಸುತ್ತೇನೆ. ನಮ್ಮ ಸೀಮೆಯು ಬರವನ್ನು ಬಲ್ಲದು. ತಲೆಬುರುಡೆಯ ಬರವೆಂದು ಹೆಸರಾದ 1791-92ರ ಕ್ಷಾಮವನ್ನೂ, ಜಿಲ್ಲೆಗೆ ಕಲಾದಗಿಯ ಹೆಸರಿದ್ದ ಕಾಲದ 1876-78ರ ಕ್ಷಾಮವನ್ನೂ ಅದು ಕಂಡಿದೆ. ಇಂದಿಗೂ ಮಳೆ ಕೈಕೊಟ್ಟ ವರುಷ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನರು ಕಬ್ಬು ಕಡಿಯಲೆಂದು ಮಹಾರಾಷ್ಟ್ರಕ್ಕೂ, ಕೂಲಿಗೆಂದು ಗೋವಾ, ಪುಣೆ, ಮುಂಬಯಿಗಳಿಗೂ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಉಳಿಯುತ್ತಾರೆ. ಬರಗಾಲದಲ್ಲಿ ತಾಯಿತಂದೆಗಳು ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಹೋದ ಕಥೆಯು ಅಂಥ ಮಗುವಿಗೆ ಪರದೇಶದ ಕಥೆಯಲ್ಲ. ಅದನ್ನು ನಾವು ಹೇಳದೆ ಮುಚ್ಚಿಟ್ಟರೆ ಮಗುವಿನ ಭಯವೇನೂ ಕಡಿಮೆಯಾಗದು. ಅದು ಒಂಟಿಯಾಗಿ ಅದನ್ನು ಹೊತ್ತುಕೊಂಡಿರುವುದು. ಹೇಳಿದರೆ, ದಾರಿಯುದ್ದಕ್ಕೂ ಬೆಣಚುಗಲ್ಲು ಚೆಲ್ಲುತ್ತ ಹೋಗಿ ಮನೆಗೆ ತಿರುಗಿ ಬಂದ ಹುಡುಗನೊಬ್ಬನು ಅದಕ್ಕೆ ಜೊತೆಗಾರನಾಗುತ್ತಾನೆ. ಬಿಟ್ಟುಹೋದವರನ್ನು ಬಿಡುವಂತೆ ಮಾಡಿದ್ದು ಏನು ಎಂಬ ಪ್ರಶ್ನೆಯೂ ಅದಕ್ಕೆ ದೊರೆಯುತ್ತದೆ. ಮನಸ್ಸಿನ ಕಹಿಯನ್ನು ವಿಚಾರವಾಗಿ ಮಾರ್ಪಡಿಸಲು ಅದು ಮೊದಲಿನ ಹೆಜ್ಜೆ.

‘ಕೆರೆಗೆ ಹಾರ’ವೂ ಹಾಗೆಯೇ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. ಕಾ‍ಲಕ್ರಮದಲ್ಲಿ ಕೃಷ್ಣೆಯ ನೀರು ನಿಂತಿತು; ಹಳೆಯ ಕೊಲ್ಹಾರದಂಥ ಊರುಗಳು ಮುಳುಗಿ, ಜನರು ದಿನ್ನೆಯ ಮೇಲೆ ಹೊಸ ಊರು ಕಟ್ಟಿಕೊಂಡರು. ಒಣಗಿದ ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಬಂದದ್ದೂ ಅಷ್ಟೇ ನಿಜ; ಆ ನೀರನ್ನು ಹಳಿಯುವವನು ನಾನಲ್ಲ. ಆದರೆ ಕಾಲುವೆಯ ನೀರು ಪಡೆದವರ ಮಕ್ಕಳೂ ಊರು ಮುಳುಗಿದವರ ಮಕ್ಕಳೂ ಇಂದು ಒಂದೇ ಶಾಲೆಯಲ್ಲಿ ಅಕ್ಕಪಕ್ಕ ಕೂತು ಕಲಿಯುತ್ತಾರೆ. ಊರಿಗೆ ನೀರು ಬೇಕಾದಾಗ ಯಾರನ್ನು ಮುಳುಗಿಸಬೇಕೆಂದು ಆರಿಸುವವರು ಯಾರು, ಆರಿಸುವಾಗ ಕಿರಿಯ ಸೊಸೆಯ ಹೆಸರೇ ಏಕೆ ಮುಂದೆ ಬರುತ್ತದೆ ಎಂಬುದು ಈ ಮಕ್ಕಳು ಕೇಳಬೇಕಾದ ಪ್ರಶ್ನೆ. ಅದನ್ನು ಕೇಳುವ ಭಾಷೆಯನ್ನು ಆ ಹಾಡು ಅವರಿಗೆ ಕೊಡುತ್ತದೆ. ಸಿಹಿ ಕಥೆಗಳನ್ನಷ್ಟೇ ಕೇಳಿ ಬೆಳೆದವನು ನಾಳೆ ದೊಡ್ಡವನಾಗಿ ಆರಿಸುವವರ ಸಾಲಿನಲ್ಲಿ ಕುಳಿತಾಗ ಭಾಗೀರಥಿಯು ಅವನ ನೆನಪಿಗೆ ಬರುವ ಬಗೆ ಹೇಗೆ?

ಮಗುವು ಪ್ರಶ್ನೆ ಕೇಳುವುದು ನಮ್ಮ ಸಂಪ್ರದಾಯಕ್ಕೆ ಹೊರತಾದದ್ದಲ್ಲ. ಹಿರಿಯರು ವಿಧಿಸಿದ ಸಂಸ್ಕಾರವನ್ನು ಎಳೆವಯಸ್ಸಿನಲ್ಲಿಯೇ ಒಲ್ಲೆನೆಂದು ಹೇಳಿ ಮನೆಯಿಂದ ಹೊರಟ ಬಸವಣ್ಣನವರ ಕಥೆಯನ್ನು ಬಾಗೇವಾಡಿಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಠೋಪನಿಷತ್ತಿನ ನಚಿಕೇತನೂ ಹುಡುಗನೇ. ತಂದೆಯು ಹಾಲು ಬತ್ತಿದ ಮುದಿ ಹಸುಗಳನ್ನು ದಾನಕೊಡುವುದನ್ನು ಕಂಡು, ನನ್ನನ್ನು ಯಾರಿಗೆ ಕೊಡುವೆ ಎಂದು ಮೂರು ಸಲ ಕೇಳುತ್ತಾನೆ. ಸಿಟ್ಟಿಗೆದ್ದ ತಂದೆಯು ಮೃತ್ಯುವಿಗೆ ಕೊಟ್ಟೆನೆಂದು ನುಡಿಯುತ್ತಾನೆ. ಸಾವಿನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕುಳಿತ ಮಗುವಿನ ಕಥೆಯಿಂದಲೇ ನಮ್ಮ ಬ್ರಹ್ಮವಿದ್ಯೆಯ ಒಂದು ಶ್ರೇಷ್ಠ ಗ್ರಂಥವು ಆರಂಭವಾಗಿದೆ. ಆ ಹುಡುಗನು ಯಮನಲ್ಲಿ ಬೇಡಿದ ಮೊದಲನೆಯ ವರವು ತಂದೆಯ ಸಿಟ್ಟು ಇಳಿಯಲಿ ಎಂಬುದು. ತಂದೆಯ ತಪ್ಪನ್ನು ಕಂಡ ಮಗನು ತಂದೆಯ ವೈರಿಯಾಗುವನೆಂಬ ಪ್ಲೇಟೋವಿನ ಅಂಜಿಕೆಗೆ ಇದಕ್ಕಿಂತ ಒಳ್ಳೆಯ ಸಮಾಧಾನವನ್ನು ನಾನು ಕಾಣೆ.

ಕೊನೆಗೆ ಇನ್ನೊಂದು ಕಥೆಯನ್ನು ಹೇಳಿ ಮುಗಿಸುತ್ತೇನೆ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಶುನಃಶೇಪನ ಆಖ್ಯಾನವಿದೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬವನು ಮೂವರು ಮಕ್ಕಳಲ್ಲಿ ಹಿರಿಯನನ್ನು ತಾನು ಬಿಟ್ಟುಕೊಡಲಿಲ್ಲ, ಕಿರಿಯನನ್ನು ತಾಯಿ ಬಿಟ್ಟುಕೊಡಲಿಲ್ಲ. ನಡುವಿನ ಶುನಃಶೇಪನನ್ನು ಯಜ್ಞಪಶುವಾಗಿ ನೂರು ಹಸುಗಳಿಗೆ ಮಾರಿದನು. ಕಂಬಕ್ಕೆ ಕಟ್ಟುವವರು ದೊರೆಯದಿದ್ದಾಗ ಇನ್ನೂ ನೂರು ಹಸುಗಳಿಗೆ ತಾನೇ ಕಟ್ಟಿದನು. ಕೊಲ್ಲುವವರು ದೊರೆಯದಿದ್ದಾಗ ಮತ್ತೆ ನೂರಕ್ಕೆ ತಾನೇ ಕತ್ತಿ ಮಸೆದು ಬಂದನು. ಹುಡುಗನು ದೇವತೆಗಳನ್ನು ಸ್ತುತಿಸಿ ಬಿಡುಗಡೆ ಪಡೆದನು. ಆ ಮೇಲೆ ತಂದೆಯು ಮನೆಗೆ ಬಾ ಎಂದು ಕರೆದಾಗ ಒಲ್ಲೆನೆಂದು ವಿಶ್ವಾಮಿತ್ರನ ಮಗನಾದನು. ಈ ಘೋರಕಥೆಯನ್ನು ಯಾರಿಗೆ ಹೇಳಬೇಕೆಂದು ಆ ಗ್ರಂಥದಲ್ಲಿಯೇ ವಿಧಿಯಿದೆ. ರಾಜಸೂಯದಲ್ಲಿ ಅಭಿಷೇಕವಾದ ರಾಜನ ಮುಂದೆ ಅದನ್ನು ಹೇಳಬೇಕು. ಮಕ್ಕಳನ್ನು ಬಯಸುವವರೂ ಅದನ್ನು ಹೇಳಿಸಿ ಕೇಳಬೇಕು. ಅಧಿಕಾರವನ್ನು ಪಡೆಯಲಿರುವವನೂ, ತಂದೆತಾಯಿಗಳಾಗಲಿರುವವರೂ, ಮಗನನ್ನು ಮಾರಿದ ತಂದೆಯ ಕಥೆಯನ್ನು ಮೊದಲು ಕೇಳಿಕೊಂಡು ಆ ಪದವಿಗೆ ಏರಬೇಕು!

ಇದರಲ್ಲಿ ಪೂರ್ವಿಕರ ವಿವೇಕವು ತೋರಿಬರುತ್ತದೆ. ಕತ್ತಲೆಯ ಕಥೆಗಳನ್ನು ಮಕ್ಕಳಿಗೆ ಕೊಡಬಹುದೇ ಎಂದು ಕೇಳುವಾಗ ನಾವು ಎಣಿಸುವುದು ಮಕ್ಕಳ ಬಲವನ್ನು, ಪರೀಕ್ಷೆಯಾಗುವುದು ನಮ್ಮದು. ಮಗುವು ರಕ್ಕಸನಿಗೆ ಒಂದು ರಾತ್ರಿ ಅಂಜಿ, ಮರುದಿನ ಅವನೊಡನೆ ಆಡಿಕೊಳ್ಳುತ್ತದೆ. ‘ಅವರು ಹಾಗೇಕೆ ಮಾಡಿದರು?’ ಎಂದು ಅದು ಕೇಳಿದಾಗ, ಅವರು ಮಾಡಿದ್ದು ತಪ್ಪು ಎಂದು ಹೇಳುವ ಧೈರ್ಯ ಹಿರಿಯನಿಗೆ ಇರಬೇಕು. ನಾವೂ ಹಾಗೆ ಮಾಡಿಯೇವು, ಆದುದರಿಂದ ನಮ್ಮನ್ನೂ ಕೇಳು ಎಂದು ಹೇಳುವ ಧೈರ್ಯವೂ ಇರಬೇಕು. ಅಷ್ಟು ಧೈರ್ಯವಿದ್ದ ಮನೆಯಲ್ಲಿ ಪಿನೋಕಿಯೋವನ್ನಾಗಲಿ ಭಾಗೀರಥಿಯನ್ನಾಗಲಿ ಕಪಾಟಿನಲ್ಲಿ ಬಚ್ಚಿಡಬೇಕಾಗಿಲ್ಲ. ಅದಿಲ್ಲದ ಮನೆಯಲ್ಲಿ ಎಷ್ಟು ಸಿಹಿಯಾದ ಪುಸ್ತಕವನ್ನು ತಂದಿಟ್ಟರೂ, ಮಗುವು ಒಂದು ದಿನ ಆ ಪ್ರಶ್ನೆಯನ್ನು ಕೇಳುವುದು ತಪ್ಪದು.